ಕೇರಾಫ್ ಅತ್ತೆ

ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಕಟ್ಟು ಇನ್‌ಲ್ಯಾಂಡ್ ಲೆಟರುಗಳಿವೆ. ಎಲ್ಲದರ ಮೇಲೂ ಅಪ್ಪನ ಗುಂಡಗಿನ ಅಕ್ಷರ. ಮೇಲೆ ಚಿಕ್ಕದಾಗಿ ನನ್ನ ಹೆಸರು. ಅದರ ಕೆಳಗೆ ‘ಕೇರಾಫ್’ ಎಂದು ಬರೆದು, ದಪ್ಪಕ್ಷರದಲ್ಲಿ, ಅಡಿಗೆರೆ ಸಮೇತ ಮಾವನ ಹೆಸರು. ಆಮೇಲೆ ಮನೆ ನಂಬರು, ಕ್ರಾಸು, ಶ್ರೀರಾಮಪುರ, ಬೆಂಗಳೂರು–21. ಮಗ ಯಾರೆಂದು ಅಂಚೆಯವನಿಗೆ ಗೊತ್ತಿರಬೇಕಾಗಿಲ್ಲ, ಮಾವ ಗೊತ್ತಿದ್ದರೆ ಸಾಕು ಎಂಬುದು ಅಪ್ಪನ ಲೆಕ್ಕ. ಮೊದಮೊದಲ ಕಾಗದಗಳಲ್ಲಿ ‘ಮಾರ್ಫತ್’ ಎಂದಿದೆ. ಅದು ಮಂಡಿಗೆ ಕೊಬ್ಬರಿ ಮೂಟೆ ಕಳಿಸಿದ ಹಾಗೆ ಕಾಣುತ್ತದೆ ಎಂದು ನಾನು ತಕರಾರು ತೆಗೆದ ಮೇಲೆ ಕೇರಾಫ್‌ಗೆ ಬಡ್ತಿ ಸಿಕ್ಕಿತು.

ಹಾಗೆ ನೋಡಿದರೆ ನಾನು ಬೆಂಗಳೂರಿಗೆ ಬಂದದ್ದೂ ಕೊಬ್ಬರಿ ಮೂಟೆಯ ಜೊತೆಯಲ್ಲೇ. 1980ರ ನವೆಂಬರ್. ತಿಪಟೂರಿನಲ್ಲಿ ರೈಲು ಹತ್ತಿಸುವಾಗ ಅಪ್ಪ ಹದಿನೈದು ತೆಂಗಿನಕಾಯಿ, ಒಂದಷ್ಟು ಉಂಡೆ ಕೊಬ್ಬರಿ, ರಾಗಿ ಹಿಟ್ಟು, ಹುರುಳಿಕಾಳು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ಜಾಗ ಮಿಕ್ಕಿದ್ದರಿಂದ ನನ್ನ ಬಿ.ಕಾಂ. ಸರ್ಟಿಫಿಕೇಟನ್ನೂ ಅದರಲ್ಲೇ ತುರುಕಿದ್ದ. ಮಲ್ಲೇಶ್ವರ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ವಿಶ್ವವಿದ್ಯಾನಿಲಯದ ಲಾಂಛನದ ಮೇಲೆ ಎಣ್ಣೆ ಇಳಿದು, ನನ್ನ ಪದವಿ ಹೋಟೆಲಿನ ಬೋಂಡ ಕಟ್ಟಿದ ಕಾಗದದ ಹಾಗೆ ಪಾರದರ್ಶಕವಾಗಿತ್ತು. ಈಗಲೂ ಬೆಳಕಿಗೆ ಹಿಡಿದರೆ ಆಚೆ ಕಡೆಯ ಗೋಡೆ ಕಾಣಿಸುತ್ತದೆ.

ಸೋದರತ್ತೆಯ ಮನೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಹದಿನಾಲ್ಕು ಮನೆಗಳ ವಠಾರ. ಎದುರು ಬದುರಾಗಿ ಏಳೇಳು ಮನೆ, ನಡುವೆ ಕಲ್ಲು ಹಾಸಿನ ಓಣಿ, ಓಣಿಯ ಕೊನೆಗೆ ಒಂದು ಕೊಳಾಯಿ, ಎರಡು ಕಕ್ಕಸು. ಬೀದಿಗೆ ಮುಖ ಮಾಡಿದ ದೊಡ್ಡ ಮನೆಯಲ್ಲಿ ಓನರ್ರು. ಅತ್ತೆಯ ಮನೆ ಎಂದರೆ ಒಂದು ಹಾಲು, ಒಂದು ಅಡುಗೆಮನೆ. ಅಷ್ಟರಲ್ಲಿ ಅತ್ತೆ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಮಾವ, ಒಬ್ಬ ಮಗ, ಒಬ್ಬಳು ಮಗಳು ಮತ್ತು ಒಂದು ಹೊಲಿಗೆ ಮೆಷಿನ್. (ಮಗಳಿಗೆ ಆಗ ಎಂಟು ವರ್ಷ. ಹತ್ತು ವರ್ಷ ಹೆಚ್ಚಾಗಿದ್ದಿದ್ದರೆ ಈ ಪ್ರಬಂಧದ ಹೆಸರಿನ ಅರ್ಥವೇ ಬೇರೆಯಾಗುತ್ತಿತ್ತು.) ನನಗೆ ಹೊಲಿಗೆ ಮೆಷಿನ್ನಿನ ಕೆಳಗೆ ತಲೆ, ಅಡುಗೆಮನೆಯ ಹೊಸ್ತಿಲಿಗೆ ಕಾಲು ಎಂದು ಜಾಗ ಗೊತ್ತಾಯಿತು. ಬೆಳಿಗ್ಗೆ ಎದ್ದಾಗ ಕೂದಲಲ್ಲಿ ಬಣ್ಣಬಣ್ಣದ ದಾರದ ಚೂರುಗಳಿರುತ್ತಿದ್ದವು. ಇಡೀ ವಠಾರದ ಹೆಂಗಸರ ಸೀರೆಗೆ ಅತ್ತೆ ಫಾಲ್ಸ್ ಹೊಲಿಯುತ್ತಿದ್ದಳು. ಯಾರ ಸೀರೆಗೆ ಯಾವ ಬಣ್ಣ ಎಂಬುದು ಅವರ ಗಂಡಂದಿರಿಗಿಂತ ಮೊದಲು ನನ್ನ ತಲೆಗೆ ತಿಳಿಯುತ್ತಿತ್ತು.

ಆ ಜಾಗದ ಗೋಡೆಯ ಮೇಲೆ ಮೂರು ಎಣ್ಣೆ ಕಲೆಗಳಿದ್ದವು, ಒಂದಕ್ಕಿಂತ ಒಂದು ಸ್ವಲ್ಪ ಎತ್ತರದಲ್ಲಿ. ಇವೇನು ಎಂದು ಕೇಳಿದೆ. ಅತ್ತೆ ವಂಶಾವಳಿ ಒಪ್ಪಿಸಿದಳು. ತೀರ ಕೆಳಗಿನದು ಮಾವನ ತಮ್ಮ, ಕುಳ್ಳ, ಈಗ ಕೆಇಬಿಯಲ್ಲಿ ಲೈನ್‌ಮನ್. ನಡುವಿನದು ಅತ್ತೆಯ ಓರಗಿತ್ತಿಯ ತಮ್ಮ, ಬಿಟಿಎಸ್‌ನಲ್ಲಿ ಕಂಡಕ್ಟರ್. ಮೇಲಿನದು ಊರಿನ ಶಾನುಭೋಗರ ಮಗ, ನೆಂಟನೇನಲ್ಲ, ಆದರೂ ಒಂದೂವರೆ ವರ್ಷ ಗೋಡೆಗೊರಗಿ ಟೈಪಿಂಗ್ ಪರೀಕ್ಷೆಗೆ ಓದಿದವನು. ನಾನು ನಾಲ್ಕನೆಯವನು. ‘ನೀನೂ ಒರಗಿಕೋ, ಹೋಗ್ಲಿ. ಯುಗಾದಿಗೆ ಸುಣ್ಣ ಹೊಡ್ಸಿದ್ರೂ ಅದು ಹೋಗಲ್ಲ’ ಎಂದಳು.

ಅತ್ತೆ ಮೊದಲ ರಾತ್ರಿಯೇ ಎರಡು ಪಾಠ ಮಾಡಿದಳು. ಬಸ್ಸು ನಿಲ್ಲುವ ಮೊದಲೇ ಇಳಿಯುವವರ ಹಿಂದೆ ಇಳಿಯಬೇಡ ಎಂಬುದು ಮೊದಲನೆಯದು. ಎರಡನೆಯದು ಚಪ್ಪಲಿಯ ವಿಚಾರ. ಓನರ್ರು ಬೆಳಿಗ್ಗೆ ಎದ್ದು ಓಣಿಯುದ್ದಕ್ಕೂ ಒಂದು ಸುತ್ತು ಬರುತ್ತಿದ್ದರು. ನೋಡುವವರಿಗೆ ವಾಯುಸೇವನೆ; ಅಸಲಿಗೆ ಚಪ್ಪಲಿ ಎಣಿಕೆ. ಬಾಗಿಲಲ್ಲಿ ನಾಲ್ಕು ಜೊತೆ ಇರಬೇಕಾದಲ್ಲಿ ಐದಾದರೆ ನೀರಿನ ಮಾತು ಬರುತ್ತಿತ್ತು, ನೀರಿನ ಹಿಂದೆ ಬಾಡಿಗೆಯ ಮಾತು. 1974ರಲ್ಲಿ ಕಾವೇರಿ ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಏರಿಕೊಂಡು ಬೆಂಗಳೂರಿಗೇನೋ ಬಂದಿದ್ದಳು. ಆದರೆ ನಮ್ಮ ವಠಾರದ ಕೊಳಾಯಿಗೆ ಮುನಿಸಿಕೊಂಡ ಸೊಸೆ ಗಂಡನ ಮನೆಗೆ ಬಂದ ಹಾಗೆ, ಬಂದ ದಿನ ಬಂದಳು. ಹಾಗಾಗಿ ನನ್ನ ಚಪ್ಪಲಿ ಬಾಗಿಲ ಹಿಂದೆ ರಾಗಿ ಚೀಲದ ಮರೆಗೆ ಸೇರಿತು. ‘ಯಾರಾದ್ರೂ ಕೇಳಿದ್ರೆ ಪರೀಕ್ಷೆಗೆ ಬಂದಿದೀನಿ ಅನ್ನು’ ಎಂದಳು.

ತಿಂಗಳಾದ ಮೇಲೆ ಓನರ್ರು ಅತ್ತೆಯನ್ನು ಕೊಳಾಯಿ ಹತ್ತಿರ ಹಿಡಿದರು. ‘ಏನಮ್ಮಾ, ನಿಮ್ಮಣ್ಣನ ಮಗನ ಪರೀಕ್ಷೆ ಇನ್ನೂ ಮುಗೀಲಿಲ್ವಾ?’

‘ಮುಗೀತು ಸ್ವಾಮಿ. ಫೇಲಾಗ್ಬಿಟ್ಟ. ಮತ್ತೆ ಕಟ್ಬೇಕು’ ಎಂದಳು ಅತ್ತೆ, ಕೊಡ ಸೊಂಟಕ್ಕೇರಿಸುತ್ತ, ಒಂದಿಷ್ಟೂ ತಡವರಿಸದೆ.

ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ ನನ್ನನ್ನು ಹದಿನಾಲ್ಕು ಮನೆಯವರೂ ಕನಿಕರದಿಂದ ನೋಡತೊಡಗಿದರು. ಎದುರು ಮನೆಯ ಅಜ್ಜಿ ಗಾಳಿ ಆಂಜನೇಯನಿಗೆ ಹರಸಿಕೊಳ್ಳಲು ಹೇಳಿದರು. ಆ ವಠಾರದಲ್ಲಿ ನಾನು ಇದ್ದ ನಾಲ್ಕೂ ವರ್ಷ ದಡ್ಡನಾಗಿಯೇ ಉಳಿದೆ; ಕೆಲಸ ಸಿಕ್ಕ ಮೇಲೂ, ‘ಫೇಲಾದ್ರೂ ಏನೋ ದಾರಿ ಮಾಡ್ಕೊಂಡ’ ಎಂದರೇ ಹೊರತು ಪಾಸು ಮಾಡಲಿಲ್ಲ.

ಇದಕ್ಕಿಂತ ಪೀಕಲಾಟವಾದದ್ದು 1981ರ ಫೆಬ್ರವರಿಯಲ್ಲಿ, ಜನಗಣತಿಯವರು ಬಂದಾಗ. ಗಣತಿಗೆ ಬಂದ ಮೇಷ್ಟ್ರು ಓಣಿಯ ಮಧ್ಯೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ, ಸಹಾಯ ಮಾಡುವ ನೆಪದಲ್ಲಿ, ಓನರ್ರು. ಒಂದೊಂದೇ ಮನೆಯ ಹೆಂಗಸು ಬಾಗಿಲಿಗೆ ಬಂದು ತಲೆ ಲೆಕ್ಕ ಹೇಳಬೇಕು. ಮೇಷ್ಟ್ರು ‘ಎಷ್ಟು ಜನಾಮ್ಮ?’ ಎನ್ನುತ್ತಾರೆ, ಹೇಳುವವಳು ಮೇಷ್ಟ್ರ ಬದಲು ಓನರ್ರ ಮುಖ ನೋಡುತ್ತಾಳೆ. ಹೊಲಿಗೆ ಮೆಷಿನ್ನಿನ ಹಿಂದೆ ಕೂತು ನಾನು ಕೇಳಿಸಿಕೊಳ್ಳುತ್ತಿದ್ದೆ. ಅತ್ತೆ ‘ನಾಲ್ಕು’ ಎಂದಳು. ಆಮೇಲೆ ಏನೋ ತೋರಿ, ಕೇಂದ್ರ ಸರ್ಕಾರಕ್ಕೆ ಸುಳ್ಳು ಹೇಳಿದರೆ ಏನಾದೀತೋ ಎಂಬ ಅಂಜಿಕೆಯಿಂದ, ಮೇಷ್ಟ್ರಿಗೆ ಮಜ್ಜಿಗೆ ಕೊಡುವ ನೆಪದಲ್ಲಿ ಬಗ್ಗಿ ಇನ್ನೇನೋ ಪಿಸುಗುಟ್ಟಿದಳಂತೆ. ಮೇಷ್ಟ್ರು ಬರೆದುಕೊಂಡರೋ, ಮಜ್ಜಿಗೆ ಮಾತ್ರ ಕುಡಿದರೋ ಗೊತ್ತಿಲ್ಲ. 1971ರಲ್ಲಿ ಹದಿನಾರೂವರೆ ಲಕ್ಷವಿದ್ದ ಬೆಂಗಳೂರು ಆ ಗಣತಿಯಲ್ಲಿ 29 ಲಕ್ಷ ದಾಟಿತ್ತು. ದೇಶದ ದೊಡ್ಡ ನಗರಗಳ ಪೈಕಿ ಆ ದಶಕದಲ್ಲಿ ಇಷ್ಟು ಜೋರಾಗಿ ಬೆಳೆದದ್ದು ಇನ್ನೊಂದಿರಲಿಲ್ಲ. ಪತ್ರಿಕೆಯಲ್ಲಿ ಆ ಅಂಕಿ ಓದಿದಾಗ, ಅದರಲ್ಲಿ ನಾನಿದ್ದೇನೆಯೇ ಎಂದು ಹುಡುಕುವ ಹಾಗೆ ಬಹಳ ಹೊತ್ತು ನೋಡಿದೆ. ನಮ್ಮ ವಠಾರದಲ್ಲೇ ಚೀಲದ ಮರೆಯ ಚಪ್ಪಲಿಯವರು ಕಡಿಮೆಯೆಂದರೂ ಐದಾರು ಜನ ಇದ್ದೆವು. ಊರು ತುಂಬ ಎಷ್ಟು ವಠಾರ, ಎಷ್ಟು ಫೇಲಾದ ಅಣ್ಣನ ಮಕ್ಕಳು! ಆ 29 ಲಕ್ಷ ಎಂಬುದು ಓನರ್ರ ಎದುರಿಗೆ ಹೇಳಿದ ಲೆಕ್ಕ ಎಂದೇ ನನ್ನ ಗುಮಾನಿ.

ಆಗಿನ ಊಟದ ಬಗ್ಗೆ ಹೇಳಲೇಬೇಕು. ಅತ್ತೆ ರಾತ್ರಿ ಮುದ್ದೆ ತೊಳೆಸುವಾಗ ನಾನು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ. ಪಾತ್ರೆಯನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು, ಕೋಲಿನಿಂದ ಹಿಟ್ಟನ್ನು ಗಂಟಿಲ್ಲದ ಹಾಗೆ ತಿರುವಿ, ಮಣೆಯ ಮೇಲೆ ಹೊಯ್ದು, ಕೈ ತಣ್ಣೀರಿಗದ್ದಿ ಉರುಟುವಳು. ಹಿಟ್ಟು ಅಳತೆಯದೇ. ಬಾಗಿಲಲ್ಲಿ ಯಾರದಾದರೂ ಕೆಮ್ಮು ಕೇಳಿಸಿದರೆ ತಲೆಯೆತ್ತದೆ, ಕಟ್ಟಿಟ್ಟ ಐದು ಮುದ್ದೆಗಳನ್ನು ಮತ್ತೆ ಒಂದಾಗಿ ಒತ್ತಿ ಆರು ಮಾಡುವಳು. ಅದರ ಮೇಲೆ ಇನ್ನೊಬ್ಬರು ಬಂದರೆ ಏಳು. ತಟ್ಟೆಗೆ ಬಿದ್ದ ಮುದ್ದೆಯ ಗಾತ್ರ ನೋಡಿ ಮಕ್ಕಳು ‘ಅಮ್ಮಾ, ಊರಿಂದ ಯಾರು ಬಂದ್ರು?’ ಎಂದು ಕೇಳುತ್ತಿದ್ದವು. ಒಂದು ಸಂಜೆ ಅದು ನಿಂಬೆಹಣ್ಣಿಗಿಂತ ಸ್ವಲ್ಪವೇ ದೊಡ್ಡದಿತ್ತು. ಅಂದು ಊರಿನವರು ಒಂದು ಗುಂಪಾಗಿ ವಿಧಾನಸೌಧ ನೋಡಲು ಬಂದಿದ್ದರು.

ಅದೇ ಚಳಿಗಾಲದಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಮುಂತಾದ ಕಾರ್ಖಾನೆಗಳ ಕಾರ್ಮಿಕರು ಮುಷ್ಕರ ಹೂಡಿದರು. ಡಿಸೆಂಬರ್ ಕೊನೆಗೆ ಶುರುವಾದದ್ದು 77 ದಿನ ನಡೆಯಿತು. ವಠಾರದಲ್ಲಿ ಮೂವರು ಆ ಕಾರ್ಖಾನೆಗಳವರು. ಸಂಬಳವಿಲ್ಲ, ಆದರೂ ಯಾರ ಮನೆಯ ಒಲೆಯೂ ಆರಲಿಲ್ಲ. ಮಾಗಡಿಯಿಂದ, ಕುಣಿಗಲ್ಲಿನಿಂದ, ಚನ್ನರಾಯಪಟ್ಟಣದಿಂದ ಬಸ್ಸಿನ ಟಾಪಿನ ಮೇಲೆ ರಾಗಿ ಮೂಟೆಗಳು ಬಂದಿಳಿದವು. ಇಬ್ಬರ ಮಕ್ಕಳು ಅಜ್ಜಿಯ ಊರಿಗೆ ಹೋಗಿ ಅಲ್ಲಿನ ಶಾಲೆಯಲ್ಲಿ ಕೂತವು. ಪಟ್ಟಣ ಸೇರಿದವರಿಗೆ ಊರು ಬೇಕಾಗುವುದಿಲ್ಲ ಎಂದುಕೊಂಡಿದ್ದ ನನಗೆ, ಅತ್ತೆ ಯಾಕೆ ಊರಿನ ಒಂದು ಮದುವೆ, ಒಂದು ತಿಥಿಯನ್ನೂ ತಪ್ಪಿಸುವುದಿಲ್ಲ ಎಂಬುದು ಆ ಮೂಟೆಗಳನ್ನು ಇಳಿಸುವಾಗ ಬೆನ್ನಿಗೆ ತಿಳಿಯಿತು.

ಬೆಂಗಳೂರು ಮೊದಲಿನಿಂದಲೂ ಹೀಗೇ ಕಟ್ಟಿಕೊಂಡ ಊರು. ಪೇಟೆಯ ಬೀದಿಗಳ ಹೆಸರು ನೋಡಿ: ಕುಂಬಾರಪೇಟೆ, ತಿಗಳರಪೇಟೆ, ಗಾಣಿಗರಪೇಟೆ. ಒಬ್ಬ ಬಂದು ಕೂತ, ಅವನ ಹಿಂದೆ ಅವನ ಭಾವಮೈದುನ, ಅವನ ಹಿಂದೆ ಇಡೀ ಬಳಗ. ಹೋಟೆಲುಗಳದೂ ಅದೇ ಕಥೆ. ಕರಾವಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗ್ ರಸ್ತೆಯಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂದು ಶುರು ಮಾಡಿದ್ದೇ ಇಂದಿನ ಎಂಟಿಆರ್. ಕುಂದಾಪುರ, ಉಡುಪಿ ಕಡೆಯ ಎಷ್ಟೋ ಹುಡುಗರು ಚಿಕ್ಕಪ್ಪನದೋ ಮಾವನದೋ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿ, ಸಪ್ಲೈಯರ್ ಆಗಿ, ಗಲ್ಲಾದಲ್ಲಿ ಕೂತು, ಕೊನೆಗೆ ಬೇರೆ ಬಡಾವಣೆಯಲ್ಲಿ ತಮ್ಮದೇ ಬೋರ್ಡು ಹಾಕಿದವರು. ನೆಂಟರಿಲ್ಲದ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಯಾರೂ ಒಪ್ಪದ ದಿನ ಏಕಾದಶಿ. ನಮ್ಮ ಜಿಲ್ಲೆಯವರೇ ಆದ ಗುಬ್ಬಿ ತೋಟದಪ್ಪನವರು ರೈಲ್ವೆ ಸ್ಟೇಷನ್ ಹತ್ತಿರ ಕಟ್ಟಿಸಿದ ಛತ್ರದಲ್ಲಿ ಅಪ್ಪನೂ ಕೋರ್ಟಿನ ಕೆಲಸಕ್ಕೆ ಬಂದಾಗ ಮಲಗಿದ್ದುಂಟು. ಆದರೆ ಛತ್ರದಲ್ಲಿ ದಿನಗಳ ಲೆಕ್ಕ ಇಡುತ್ತಾರೆ. ಅತ್ತೆಯ ಮನೆಯಲ್ಲಿ ಲೆಕ್ಕ ಇಡುತ್ತಿದ್ದವರು ಓನರ್ರು ಮಾತ್ರ.

ಎಲ್ಲವೂ ಬೆಲ್ಲವೇ ಆಗಿತ್ತು ಎಂದರೆ ಅತ್ತೆಯೇ ನಕ್ಕಾಳು. ನೆಂಟಸ್ತನ ಎಂದರೆ ಕಾವಲು ಕೂಡ. ಒಮ್ಮೆ ಟೈಪಿಂಗ್ ಕ್ಲಾಸಿಗೆ ಚಕ್ಕರ್ ಹೊಡೆದು ಕಪಾಲಿ ಟಾಕೀಸಿಗೆ ಮ್ಯಾಟಿನಿಗೆ ಹೋದೆ. ಹತ್ತಿದ ಬಸ್ಸಿನಲ್ಲಿ ನಡುವಿನ ಎಣ್ಣೆ ಕಲೆಯವನೇ ಕಂಡಕ್ಟರ್. ನಗುನಗುತ್ತಾ ಟಿಕೆಟ್ ಹರಿದು ಕೊಟ್ಟ, ಚಿಲ್ಲರೆಯನ್ನೂ ಕೊಟ್ಟ. ಇಂಟರ್‌ವಲ್ ಹೊತ್ತಿಗೆ ಸುದ್ದಿ ಶ್ರೀರಾಮಪುರ ತಲುಪಿತ್ತು. ವಾರದೊಳಗೆ ತಿಪಟೂರಿನಿಂದ ಇನ್‌ಲ್ಯಾಂಡ್ ಬಂತು. ಅದರಲ್ಲಿ ಸಿನಿಮಾದ ಹೆಸರಿತ್ತು, ಆಟದ ಹೊತ್ತಿತ್ತು, ನಾನು ಗಾಂಧಿ ಕ್ಲಾಸಿನಲ್ಲಿ ಕೂರದೆ ಬಾಲ್ಕನಿಗೆ ಹೋದ ದುಂದಿನ ಪ್ರಸ್ತಾಪವೂ ಇತ್ತು.

ಕೆಲಸ ಸಿಕ್ಕಿದ್ದೂ ಈ ದಾರದ ತುದಿಯಲ್ಲೇ. ಉದ್ಯೋಗ ವಿನಿಮಯ ಕೇಂದ್ರದ ಕಾರ್ಡು ಹಿಡಿದು ಕಾದದ್ದಕ್ಕೆ ಏನೂ ಬರಲಿಲ್ಲ. ಲೈನ್‌ಮನ್ ಚಿಕ್ಕಪ್ಪನ ಹೆಂಡತಿಯ ಅಣ್ಣನಿಗೆ ಪರಿಚಯದ ಒಂದು ಲಾರಿ ಆಫೀಸು ಕಲಾಸಿಪಾಳ್ಯದಲ್ಲಿತ್ತು. ಮ್ಯಾನೇಜರು ಸರ್ಟಿಫಿಕೇಟನ್ನು ಕೈಗೆ ತೆಗೆದುಕೊಂಡವರು ಓದಲಿಲ್ಲ, ಮೂಸಿ ನೋಡಿದರು. ‘ತಿಪಟೂರೇನ್ರೀ?’ ಹೌದು ಸಾರ್. ‘ನಮ್ಮ ಅಕ್ಕನ್ನ ಕೊಟ್ಟಿರೋದು ನೊಣವಿನಕೆರೆಗೆ’ ಎಂದರು. ಆಮೇಲೆ ಅಕೌಂಟ್ಸಿನ ಬಗ್ಗೆ ಒಂದೇ ಒಂದು ಪ್ರಶ್ನೆಯೂ ಬರಲಿಲ್ಲ. ಕೊಬ್ಬರಿ ಧಾರಣೆಯ ಬಗ್ಗೆ ನಾಲ್ಕೈದು ಬಂದವು. ಯೋಗ್ಯತೆಯಿಂದ ಮೇಲೆ ಬಂದೆ ಎಂದು ನಾನು ಮಕ್ಕಳ ಮುಂದೆ ಹೇಳಿಕೊಳ್ಳುವುದುಂಟು. ಆ ಮೂಸಿ ನೋಡಿದ ವಿಷಯ ಹೇಳುವುದಿಲ್ಲ. ತಿಪಟೂರಿನ ವಾಸನೆಯಿಲ್ಲದ, ನನಗಿಂತ ಚೆನ್ನಾಗಿ ಲೆಕ್ಕ ಬರುವ ಯಾರೋ ಒಬ್ಬ ಹುಡುಗ ಅಂದು ಹೊರಗೆ ಬೆಂಚಿನ ಮೇಲೆ ಕೂತಿದ್ದನೇನೋ.

ಮದುವೆಯಾಗಿ ಮಹಾಲಕ್ಷ್ಮಿ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದು, ಹಾಲುಕ್ಕಿಸಿದ ಹದಿನೇಳನೇ ದಿನಕ್ಕೆ ನನ್ನ ಹೆಂಡತಿಯ ತಮ್ಮ ಚೀಲ ಹಿಡಿದು ಬಂದ. ಅವನ ಹಿಂದೆ ನನ್ನ ಚಿಕ್ಕಮ್ಮನ ಮಗ; ಅವನ ಹಿಂದೆ ಅವನ ಗೆಳೆಯ. ಹದಿನಾಲ್ಕು ವರ್ಷದಲ್ಲಿ ಹನ್ನೊಂದು ಜನ. ಇದನ್ನು ಹೆಂಡತಿ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾಳೆ: ಯಾರು ಎಷ್ಟು ತಿಂಗಳು, ಯಾರು ಸ್ನಾನಕ್ಕೆ ಎಷ್ಟು ಬಿಸಿನೀರು, ಯಾರು ಹೋಗುವಾಗ ಹೇಳಿ ಹೋದರು, ಯಾರು ಹೇಳದೆ. ಅತ್ತೆಯ ಋಣವನ್ನು ಅತ್ತೆಗೆ ತೀರಿಸಲು ಬರುತ್ತಿರಲಿಲ್ಲ. ಅವಳು ನನ್ನಿಂದ ಸೀರೆಯನ್ನು ಕೂಡ ‘ಯಾಕೋ ದಂಡ’ ಎಂದೇ ತೆಗೆದುಕೊಳ್ಳುವವಳು. ಹೀಗಾಗಿ ಸಾಲಗಾರರು ಬೇರೆ ವೇಷದಲ್ಲಿ, ಎಣ್ಣೆ ಹಚ್ಚಿದ ತಲೆಯಲ್ಲಿ ಬಂದು ಗೋಡೆಗೊರಗಿ ವಸೂಲು ಮಾಡಿಕೊಂಡು ಹೋದರು. ವಸೂಲಾದ ಅಷ್ಟೂ ಬಾರಿ ನಾನು ಗೊಣಗಿದ್ದೇನೆ.

ಆಮೇಲೆ ಯಾವಾಗಲೋ, ಯಾರೂ ಗಮನಿಸದೆ, ಬರುವವರು ನಿಂತರು. ಈಗ ನಮಗೆ ಮೂರು ಕೋಣೆಯ ಫ್ಲ್ಯಾಟಿದೆ, ಅದರಲ್ಲಿ ಒಂದಕ್ಕೆ ಗೆಸ್ಟ್ ರೂಮ್ ಎಂದೇ ಹೆಸರು. ಎರಡು ವರ್ಷದ ಹಿಂದೆ ಕೊನೆಯ ತಮ್ಮನ ಮಗನಿಗೆ ವೈಟ್‌ಫೀಲ್ಡಿನಲ್ಲಿ ಕೆಲಸವಾಯಿತು ಎಂದಾಗ ಹೆಂಡತಿ ಗೊಣಗುತ್ತಲೇ ಹೊಸ ದಿಂಬಿನ ಕವರು ಹಾಕಿದಳು, ಚಕ್ಕುಲಿ ಮಾಡಿದಳು. ಹುಡುಗ ಒಂದು ಭಾನುವಾರ ಬಂದ. ‘ದೊಡ್ಡಪ್ಪಾ, ಪಿಜಿ ಊರಿಂದಾನೇ ಬುಕ್ ಮಾಡ್ಕೊಂಡಿದ್ದೆ. ಮೂರು ಹೊತ್ತೂ ಊಟ, ವೈಫೈ, ವಾಷಿಂಗ್ ಮೆಷಿನ್. ನಿಮಗ್ಯಾಕೆ ತೊಂದ್ರೆ ಅಂತ’ ಎಂದ. ಒಳ್ಳೆಯ ಹುಡುಗ. ಸ್ವೀಟ್ ಬಾಕ್ಸ್ ತಂದಿದ್ದ, ಕಾಲಿಗೆ ನಮಸ್ಕಾರ ಮಾಡಿದ, ಎರಡು ಗಂಟೆ ಕೂತು ಮೊಬೈಲಿನಲ್ಲಿ ಕಾರು ತರಿಸಿಕೊಂಡು ಹೋದ. ವೈಟ್‌ಫೀಲ್ಡಿಗೂ ನಮ್ಮ ಮನೆಗೂ ಎರಡು ಗಂಟೆಯ ದಾರಿ; ಅವನು ಮಾಡಿದ್ದು ಸರಿಯೇ. ಹೆಂಡತಿ ಅಂದು ರಾತ್ರಿ ದಿಂಬಿನ ಕವರು ತೆಗೆದು ಮಡಿಸಿಡುತ್ತ, ‘ಬಿಸಿನೀರೂ ಕೇಳ್ಲಿಲ್ಲ’ ಎಂದಳು. ದೂರಿನ ಹಾಗೆ ಕೇಳಿಸಿತು.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಮನೆಗೆ ಬಂದಳು. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ. ಎರಡೂ ಕಡೆ ಹೋಗಿ ನೋಡಿ ‘ಮಾತಾಡಕ್ಕೆ ಜನ ಇಲ್ಲ’ ಎಂದು ವಾಪಸಾದವಳು. ‘ಮೂರು ದಿನ ಇದ್ದು ಹೋಗ್ತೀನಿ’ ಎಂದು ಬಂದು ಮೂರು ವರ್ಷವಾಯಿತು. ಲಿಫ್ಟಿನಲ್ಲಿ ಸಿಕ್ಕ ಅಸೋಸಿಯೇಷನ್ ಕಾರ್ಯದರ್ಶಿ, ‘ಏನಜ್ಜೀ, ಎಷ್ಟು ದಿನ ಇರ್ತೀರಾ?’ ಎಂದು ಸೌಜನ್ಯಕ್ಕೆ ಕೇಳಿದರು. ಅತ್ತೆ ನನ್ನ ಕಡೆ ಒಂದು ಸಲ ನೋಡಿ, ‘ಪರೀಕ್ಷೆಗೆ ಬಂದಿದೀನಪ್ಪ’ ಎಂದಳು.

ಒಂದು ದಿನ ಮೆಟ್ರೋದಲ್ಲಿ ಅವಳನ್ನು ಶ್ರೀರಾಮಪುರಕ್ಕೆ ಕರೆದುಕೊಂಡು ಹೋದೆ. ನಮ್ಮ ವಠಾರ ಹುಡುಕುವುದು ಕಷ್ಟವಾಗಲಿಲ್ಲ. ಅದರ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ, ಮೇಲೆ ‘ಲಕ್ಷುರಿ ಪಿಜಿ ಫಾರ್ ಜೆಂಟ್ಸ್’ ಎಂಬ ಬೋರ್ಡು. ನಡೆಸುವವರು ಓನರ್ರ ಮೊಮ್ಮಕ್ಕಳಂತೆ. ಮೆಟ್ಟಿಲ ಬುಡದಲ್ಲಿ ಚಪ್ಪಲಿ, ಶೂಗಳ ದೊಡ್ಡ ರಾಶಿ. ಅತ್ತೆ ಕೋಲೂರಿ ನಿಂತು ಅದನ್ನೇ ನೋಡಿದಳು. ‘ನಮ್ಮ ಓನರ್ರು ಇರ್ಬೇಕಾಗಿತ್ತು ಕಣೋ. ಈಗ ಚಪ್ಪಲಿ ಜಾಸ್ತಿಯಾದಷ್ಟೂ ಅವ್ರಿಗೆ ಲಾಭ.’

ಮೊನ್ನೆ ಬ್ಯಾಂಕಿನವರು ವಿಳಾಸ ಬದಲಾಗಬೇಕು ಎಂದದ್ದಕ್ಕೆ ಆಧಾರ್ ಕೇಂದ್ರಕ್ಕೆ ಹೋದೆವು. ಗೆಜೆಟೆಡ್ ಅಧಿಕಾರಿಯ ಸಹಿ, ಬೆರಳಚ್ಚು, ಎರಡು ಸಲ ಸರ್ವರ್ ಡೌನ್, ಎಲ್ಲ ಮುಗಿದು ವಾರಗಳಾದ ಮೇಲೆ ಅಂಚೆಯಲ್ಲಿ ಹೊಸ ಕಾರ್ಡು ಬಂತು. ಸೋಫಾದಲ್ಲಿ ಕೂತು ಓದಿ ಹೇಳಿದೆ. ಅವಳ ಹೆಸರು, ಕೆಳಗೆ ಕೇರಾಫ್, ಮುಂದೆ ನನ್ನ ಹೆಸರು.

ಅತ್ತೆ ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ಪ್ಯಾಕೆಟಿನ ಬೇಳೆಯಲ್ಲಿ ಕೇರಲು ಏನೂ ಇರುವುದಿಲ್ಲ ಎಂದು ಹೇಳಿ ನಾವು ಸೋತಿದ್ದೇವೆ.

‘ಹಂಗಂದ್ರೆ ಏನೋ?’

ನಾನು ನಿನ್ನ ಮನೆಯಲ್ಲಿದ್ದಾಗ ಅಪ್ಪ ಬರೀತಿದ್ದನಲ್ಲ, ಅದೇ ಎಂದೆ.

‘ಕೇರೋದು ಗೊತ್ತು. ಈ ಆಫ್ ಯಾಕೆ ಮತ್ತೆ, ಕರೆಂಟ್ ಆರ್ಸಿದಂಗೆ?’ ಎಂದು ಕಾರ್ಡನ್ನು ಇಸಿದುಕೊಂಡು ದೂರ ಹಿಡಿದು ನೋಡಿದಳು. ಫೋಟೋದಲ್ಲಿ ತಾನು ನನ್ನಪ್ಪನ ಹಾಗೆ ಕಾಣುತ್ತಿದ್ದೇನೆಂದು ಬೇಸರಪಟ್ಟಳು. ಆಮೇಲೆ ಸೆರಗಿನಿಂದ ಒರೆಸಿ ನನ್ನ ಕೈಗೆ ವಾಪಸು ಕೊಟ್ಟಳು.

‘ಜೋಪಾನವಾಗಿಡು. ಕೊಬ್ಬರಿ ಹತ್ರ ಇಡ್ಬೇಡ.’